ಡೈಲಾಗ್ ಬಾಕ್ಸಿನಲ್ಲಿ ತಪ್ಪನ್ನು ಯಾವಾಗ ಹಿಡಿಯಬೇಕು: ಕೀ ಒತ್ತುವಾಗಲೋ, ಖಾನೆ ಬಿಡುವಾಗಲೋ, ‘ಸರಿ’ ಒತ್ತಿದ ಮೇಲೋ?

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಗೆಳೆಯರು, ಅದರಲ್ಲೂ ಅಂಗಡಿ, ಕ್ಲಿನಿಕ್, ಸಹಕಾರ ಸಂಘಗಳಿಗೆ ಒಬ್ಬರೇ ಕುಳಿತು ತಂತ್ರಾಂಶ ಮಾಡಿಕೊಡುವವರು, ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಡೈಲಾಗ್ ಬಾಕ್ಸಿನಲ್ಲಿ, ಅಂದರೆ ಮಾಹಿತಿ ಕೇಳಲು ತೆರೆದುಕೊಳ್ಳುವ ಸಣ್ಣ ಕಿಟಕಿಯಲ್ಲಿ, ತುಂಬಿದ ಮಾಹಿತಿ ಸರಿಯಿದೆಯೇ ಎಂದು ಯಾವ ಗಳಿಗೆಯಲ್ಲಿ ನೋಡಬೇಕು? ಒಂದೊಂದು ಅಕ್ಷರ ಬೀಳುವಾಗಲೇ ತಡೆಯಬೇಕೇ, ಟ್ಯಾಬ್ ಒತ್ತಿ ಮುಂದಿನ ಖಾನೆಗೆ ಹೋಗುವಾಗ ಹಿಡಿದು ನಿಲ್ಲಿಸಬೇಕೇ, ‘ಸರಿ’ ಗುಂಡಿ ಒತ್ತಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೇಳಬೇಕೇ, ಅಥವಾ ಎಲ್ಲವೂ ಸರಿಯಾಗುವ ತನಕ ಆ ಗುಂಡಿಯನ್ನೇ ಮಸುಕಾಗಿಸಿ ಇಡಬೇಕೇ? ನಾಲ್ಕೂ ದಾರಿಗಳನ್ನು ಬೇರೆ ಬೇರೆ ಕಾಲದಲ್ಲಿ ಬಳಸಿ, ಅವುಗಳ ಫಲವನ್ನು ದತ್ತಾಂಶದಲ್ಲಿ ಕಂಡಿದ್ದೇನೆ. ಆ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮಾತು ಹಿಡಿತದಲ್ಲಿರಲು ಒಂದೇ ಡೈಲಾಗನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಅದು ಒಂದು ಸಹಕಾರ ಸಂಘದ ‘ಹೊಸ ಸದಸ್ಯ’ ಡೈಲಾಗ್. ಹೆಸರು, ಹುಟ್ಟಿದ ದಿನ, ಮೊಬೈಲ್ ಸಂಖ್ಯೆ, ಪಿನ್ ಕೋಡ್, ಬ್ಯಾಂಕಿನ ಐಎಫ್ಎಸ್‌ಸಿ, ಸಾಲದ ಮೊತ್ತ, ಸಾಲದ ಆರಂಭದ ಮತ್ತು ಮುಗಿಯುವ ದಿನಾಂಕಗಳು ಅದರಲ್ಲಿವೆ. ಕೆಳಗೆ ‘ಸರಿ’ ಮತ್ತು ‘ರದ್ದು’ ಎಂಬ ಎರಡು ಗುಂಡಿಗಳು.

ಯಾವುದರಿಂದ ಅಳೆಯಬೇಕು

ಮೊದಲ ಅಳತೆ ಕೈಯ ಓಟ. ದಿನವಿಡೀ ಅರ್ಜಿಗಳನ್ನು ತುಂಬುವವರ ಕಣ್ಣು ಕಾಗದದ ಮೇಲಿರುತ್ತದೆಯೇ ಹೊರತು ಪರದೆಯ ಮೇಲಲ್ಲ; ಅವರ ಬೆರಳುಗಳಿಗೆ ಎಷ್ಟನೇ ಟ್ಯಾಬಿಗೆ ಯಾವ ಖಾನೆ ಎಂಬುದು ಬಾಯಿಪಾಠವಾಗಿರುತ್ತದೆ. ಎರಡನೆಯದು ಹೊರದಾರಿ: ಖಾನೆಗಳು ಯಾವ ಸ್ಥಿತಿಯಲ್ಲಿದ್ದರೂ ‘ರದ್ದು’ ಗುಂಡಿ, ಎಸ್ಕೇಪ್ ಕೀ ಮತ್ತು ಮೂಲೆಯ ಮುಚ್ಚುವ ಗುರುತು ಕೆಲಸ ಮಾಡಬೇಕು. ಮೂರನೆಯದು, ಕನ್ನಡದಲ್ಲಿ ಬೆರಳಚ್ಚಿಸಿದ ಮಾಹಿತಿಯೂ ಬೇರೆ ಕಡೆಯಿಂದ ನಕಲಿಸಿ ಅಂಟಿಸಿದ ಮಾಹಿತಿಯೂ ಹಾಳಾಗದೆ ಒಳಗೆ ಬರುತ್ತವೆಯೇ ಎಂಬುದು. ನಾಲ್ಕನೆಯದು, ತಪ್ಪಿನ ಸುದ್ದಿ ಎಲ್ಲರಿಗೂ ಮುಟ್ಟುತ್ತದೆಯೇ ಎಂಬುದು. ಕೆಂಪು ಅಂಚನ್ನಷ್ಟೇ ಬಳಿದರೆ ಬಣ್ಣ ಗುರುತಿಸಲು ಕಷ್ಟಪಡುವವರಿಗೂ ಎನ್‌ವಿಡಿಎಯಂತಹ ಪರದೆ ಓದುಗದ (ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶದ) ನೆರವಿನಿಂದ ಕೆಲಸ ಮಾಡುವವರಿಗೂ ಏನೂ ತಿಳಿಯುವುದಿಲ್ಲ. ಐದನೆಯದು ಖರ್ಚು, ಅಂದರೆ ಬರೆಯಲು ಹಿಡಿಯುವ ದಿನಗಳು ಮತ್ತು ಮುಂದೆ ನಿಯಮ ಬದಲಾದಾಗ ಅದನ್ನು ಎಷ್ಟು ಕಡೆ ತಿದ್ದಬೇಕಾಗುತ್ತದೆ ಎಂಬ ಲೆಕ್ಕ.

ಈ ಐದರ ಹಿಂದೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಇನ್ನೊಂದು ಪ್ರಶ್ನೆಯಿದೆ. ಈ ಪರಿಶೀಲನೆಯು ತುಂಬುವವರನ್ನು ಸುಳ್ಳು ಬರೆಯುವಂತೆ ಮಾಡುತ್ತದೆಯೇ? ಖಾಲಿ ಬಿಟ್ಟ ಪಿನ್ ಕೋಡನ್ನು ನಾಳೆ ವಿಚಾರಿಸಿ ತುಂಬಬಹುದು. ತಂತ್ರಾಂಶದ ಕಾಟ ತಪ್ಪಿಸಿಕೊಳ್ಳಲು ತುಂಬಿದ 560001 ಮಾತ್ರ ದತ್ತಾಂಶದಲ್ಲಿ ನಿಜದಂತೆಯೇ ಕುಳಿತುಬಿಡುತ್ತದೆ, ಅದನ್ನು ಹುಡುಕಿ ತೆಗೆಯುವ ಉಪಾಯವೇ ಇರುವುದಿಲ್ಲ.

ತಪ್ಪಿಗೆ ಜಾಗವನ್ನೇ ಕೊಡದ ಕಂಟ್ರೋಲುಗಳು

ಬರಿಯ ಟೆಕ್ಸ್ಟ್ ಬಾಕ್ಸಿನ ಬದಲು ಪಟ್ಟಿಯಿಂದ ಆರಿಸುವ ಕಾಂಬೋ ಬಾಕ್ಸ್, ದಿನಾಂಕದ ಕಂಟ್ರೋಲ್, ಏರಿಳಿಸುವ ಬಾಣಗಳಿರುವ ಸಂಖ್ಯೆಯ ಕಂಟ್ರೋಲ್ ಬಳಸುವುದು ಆ ನಾಲ್ಕಕ್ಕೂ ಮೊದಲೇ ಇರುವ ದಾರಿ. ಜಿಲ್ಲೆ, ತಾಲ್ಲೂಕುಗಳಿಗೆ ಕಾಂಬೋ ಬಾಕ್ಸಿಗಿಂತ ಒಳ್ಳೆಯದಿಲ್ಲ. ಮೊದಲೆರಡು ಅಕ್ಷರ ಒತ್ತಿದರೆ ಹೆಸರು ಸಿಗುವಂತಿದ್ದರೆ ಕೈಯ ಓಟವೂ ನಿಲ್ಲುವುದಿಲ್ಲ. ಖರ್ಚಿನ ದೃಷ್ಟಿಯಿಂದಲೂ ಇದು ಅಗ್ಗ, ಏಕೆಂದರೆ ಪರಿಶೀಲನೆಯ ಕೋಡನ್ನೇ ಬರೆಯಬೇಕಾಗಿಲ್ಲ.

ಆದರೆ ಈ ಕಂಟ್ರೋಲುಗಳು ಸದ್ದಿಲ್ಲದೆ ಮಾಹಿತಿಯನ್ನು ಬದಲಿಸಬಲ್ಲವು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಿಟಕಿ, ಖಾನೆ, ಗುಂಡಿಗಳನ್ನು ಸಿದ್ಧವಾಗಿ ಕೊಡುವ ಮೈಕ್ರೋಸಾಫ್ಟಿನ ಟೂಲ್‌ಕಿಟ್ ಆದ ವಿನ್‌ಫಾರ್ಮ್ಸ್‌ನ ನ್ಯೂಮರಿಕ್‌ಅಪ್‌ಡೌನ್ ಕಂಟ್ರೋಲಿನ ಗರಿಷ್ಠ ಮಿತಿ, ನಾವು ಬದಲಿಸದಿದ್ದರೆ, 100. ಗೊಬ್ಬರದ ಚೀಲಗಳ ಖಾನೆಗೆ 250 ಎಂದು ಬೆರಳಚ್ಚಿಸಿ ಟ್ಯಾಬ್ ಒತ್ತಿ ನೋಡಿ: ಯಾವ ಸೂಚನೆಯೂ ಇಲ್ಲದೆ ಅದು 100 ಆಗುತ್ತದೆ. ಕಣ್ಣು ಕಾಗದದ ಮೇಲಿದ್ದವರಿಗೆ ಅದು ಕಾಣುವುದೇ ಇಲ್ಲ. ಇದೇ ಕಂಟ್ರೋಲಿನ ಮೇಲೆ ಫೋಕಸ್ ಇರುವಾಗ, ಅಂದರೆ ಒತ್ತಿದ ಕೀಗಳು ಅದಕ್ಕೇ ಹೋಗುತ್ತಿರುವಾಗ, ಮೌಸಿನ ಚಕ್ರ ತಿರುಗಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ ಹಣದ ಮೊತ್ತಕ್ಕೆ ನಾನು ಇದನ್ನು ಬಳಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅಲ್ಲಿ ಸಾದಾ ಟೆಕ್ಸ್ಟ್ ಬಾಕ್ಸ್ ಇಟ್ಟು, ಮಿತಿ ಮೀರಿದರೆ ಬಾಯಿಬಿಟ್ಟು ಹೇಳುವುದೇ ಸರಿ. ದಿನಾಂಕದ ಕಂಟ್ರೋಲಿಗೂ ಇಂಥದೇ ಕೊರತೆಯಿದೆ: ಚೆಕ್ ಗುರುತಿನ ಸೌಲಭ್ಯ ಚಾಲೂ ಮಾಡದಿದ್ದರೆ ಡೇಟ್‌ಟೈಮ್‌ಪಿಕರ್ ಅನ್ನು ಖಾಲಿ ಬಿಡಲಾಗುವುದಿಲ್ಲ, ಆದ್ದರಿಂದ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಅರ್ಜಿ ತುಂಬಿದ ದಿನವೇ ಹುಟ್ಟುಹಬ್ಬವಾಗಿ ದಾಖಲಾಗುತ್ತದೆ. ಜೊತೆಗೆ ದಿನದಿಂದ ತಿಂಗಳಿಗೆ ಹೋಗಲು ಬಾಣದ ಕೀ ಒತ್ತಬೇಕಾಗುವುದರಿಂದ ವೇಗವೂ ತಗ್ಗುತ್ತದೆ.

ಕೀ ಒತ್ತುವಾಗಲೇ ತಡೆಯುವುದು

ಮೊಬೈಲ್ ಸಂಖ್ಯೆಯ ಖಾನೆಯಲ್ಲಿ ಅಂಕಿಯಲ್ಲದ್ದು ಬೀಳದಂತೆ ತಡೆಯುವ ನಾಲ್ಕು ಸಾಲಿನ ಕೋಡು ಎಲ್ಲರಿಗೂ ಗೊತ್ತು. ಬರೆಯಲು ಸುಲಭ, ನೋಡಲು ಚೆನ್ನ. ನನ್ನ ತೂಕದಲ್ಲಿ ಮಾತ್ರ ಇದು ನಾಲ್ಕು ದಾರಿಗಳಲ್ಲಿ ಅತಿ ದುರ್ಬಲವಾದದ್ದು.

ಮೊದಲನೆಯದಾಗಿ, ಅಂಟಿಸಿದ ಪಠ್ಯ ಕೀ ಒತ್ತುವ ಇವೆಂಟಿನ (ಕೀ ಒತ್ತಿದಾಗ ತಂತ್ರಾಂಶಕ್ಕೆ ಬರುವ ಸುದ್ದಿಯ) ಮೂಲಕ ಬರುವುದೇ ಇಲ್ಲ. ವಿಂಡೋಸಿನ ಎಡಿಟ್ ಕಂಟ್ರೋಲಿಗೆ ಅಂಕಿಗಳಷ್ಟೇ ಸಾಕು ಎನ್ನುವ ಇಎಸ್_ನಂಬರ್ ಶೈಲಿಯನ್ನು ಕೊಟ್ಟರೂ ಅಂಕಿಯಲ್ಲದ್ದನ್ನು ಅಂಟಿಸಬಹುದು. ಇನ್ನೂ ಕೆಟ್ಟದ್ದೆಂದರೆ, ಗರಿಷ್ಠ ಉದ್ದ 10 ಎಂದು ಇಟ್ಟ ಖಾನೆಗೆ ಯಾರಾದರೂ ವಾಟ್ಸ್‌ಆ್ಯಪಿನಿಂದ +91 ಸಮೇತ ಸಂಖ್ಯೆಯನ್ನು ನಕಲಿಸಿ ಅಂಟಿಸಿದರೆ ಮೊದಲ 10 ಅಕ್ಷರ ಮಾತ್ರ ಒಳಬಂದು, ಕೊನೆಯ ಅಂಕಿಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಬ್ಯಾಕ್‌ಸ್ಪೇಸ್ ಕೂಡ ವಿನ್‌ಫಾರ್ಮ್ಸ್‌ನ ಕೀಪ್ರೆಸ್ ಇವೆಂಟಿಗೇ ಬರುವುದರಿಂದ, ಅದನ್ನು ಬಿಟ್ಟುಕೊಡಲು ಮರೆತರೆ ತಪ್ಪಾಗಿ ಒತ್ತಿದ ಅಂಕಿಯನ್ನು ಅಳಿಸುವುದಕ್ಕೂ ಆಗುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಈ ದಾರಿಯ ಬಿರುಕುಗಳು ಇನ್ನೂ ದೊಡ್ಡವು. ವಿನ್‌ಫಾರ್ಮ್ಸ್ ನಿಂತಿರುವ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ‘ಚಾರ್.ಈಸ್‌ಡಿಜಿಟ್’ ಎಂದು ಕೇಳಿದರೆ ಕನ್ನಡದ ೧ ಮತ್ತು ೨ ಕೂಡ ಅಂಕಿಗಳೇ ಎಂಬ ಉತ್ತರ ಬರುತ್ತದೆ. ಪಠ್ಯವನ್ನು ಮಾದರಿಗೆ ಹೋಲಿಸಿ ನೋಡುವ ಅಲ್ಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಅಂಕಿ ಗುರುತೂ ಅವನ್ನು ಒಪ್ಪುತ್ತದೆ. ಆದರೆ ಪಠ್ಯವನ್ನು ಸಂಖ್ಯೆಯಾಗಿಸುವ ‘ಇಂಟ್.ಪಾರ್ಸ್’ ಅದೇ ೧೨ ಅನ್ನು ಒಪ್ಪದೆ ಎಕ್ಸೆಪ್ಷನ್, ಅಂದರೆ ಕೆಲಸ ನಿಲ್ಲಿಸುವ ದೋಷ, ಎಸೆಯುತ್ತದೆ. ಅಂದರೆ ಬಾಗಿಲಲ್ಲಿ ಬಿಟ್ಟುಕೊಂಡದ್ದು ಒಳಗೆ ಹೋಗಿ ತಂತ್ರಾಂಶವನ್ನೇ ಬೀಳಿಸುತ್ತದೆ. ಪೈಥಾನಿನ ‘ಇಂಟ್’ ಮತ್ತು ಜಾವಾದ ‘ಪಾರ್ಸ್‌ಇಂಟ್’ ಕನ್ನಡದ ಅಂಕಿಗಳನ್ನು ಸರಿಯಾಗಿಯೇ ಓದುತ್ತವೆ, ಆದ್ದರಿಂದ ಒಂದು ಭಾಷೆಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು. ಹೆಸರಿನ ಖಾನೆಯಲ್ಲಿ ‘ಅಕ್ಷರ ಮಾತ್ರ’ ಎಂಬ ನಿಯಮ ಹಾಕಿದರಂತೂ ‘ರಾಮ’ ಎಂಬ ಹೆಸರೇ ತಿರಸ್ಕೃತವಾಗುತ್ತದೆ: ಯೂನಿಕೋಡಿನಲ್ಲಿ ದೀರ್ಘದ ಚಿಹ್ನೆಯು ಅಕ್ಷರಗಳ ವರ್ಗಕ್ಕಲ್ಲ, ಸಂಯೋಗ ಚಿಹ್ನೆಗಳ ವರ್ಗಕ್ಕೆ ಸೇರಿದೆ. ಉದ್ದದ ಮಿತಿಯೂ ಹಾಗೆಯೇ. ‘ಕೃಷ್ಣ’ ಎಂಬುದು ನಮಗೆ ಎರಡು ಅಕ್ಷರ, ಯೂನಿಕೋಡಿಗೆ ಐದು ಸಂಕೇತ, ಯುಟಿಎಫ್-8 ರೂಪದಲ್ಲಿ 15 ಬೈಟ್. ಇಂಗ್ಲಿಷ್ ಹೆಸರುಗಳನ್ನು ನೋಡಿ ಇಟ್ಟ ಮಿತಿಯು ಕನ್ನಡದ ಹೆಸರನ್ನು ಒತ್ತಕ್ಷರದ ನಡುವೆಯೇ ಕತ್ತರಿಸಬಹುದು.

ಹಾಗಾದರೆ ಕೀ ಹಂತದಲ್ಲಿ ಏನನ್ನೂ ಮಾಡಬಾರದೇ? ಒಂದು ಮಾಡಬಹುದು: ಅರ್ಥ ಕೆಡದಂತೆ ತಿದ್ದುವುದು. ಐಎಫ್ಎಸ್‌ಸಿಯಲ್ಲಿ 11 ಸ್ಥಾನಗಳಿದ್ದು ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಬಿದ್ದರೆ ಸೊನ್ನೆಯಾಗಿಸುವುದು, ಸಣ್ಣ ಅಕ್ಷರಗಳನ್ನು ದೊಡ್ಡದಾಗಿಸುವುದು, ಹಿಂದುಮುಂದಿನ ಖಾಲಿ ಜಾಗ ತೆಗೆಯುವುದು, ಇವೆಲ್ಲ ನಿಜವಾದ ಸಹಾಯ. ಮೊಬೈಲ್ ಸಂಖ್ಯೆಯ ಮುಂದಿನ +91 ಅನ್ನು ಬೈಯದೆ ತೆಗೆದುಹಾಕುವುದೂ ಹೀಗೆಯೇ.

ಖಾನೆ ಬಿಡುವಾಗ ನೋಡುವುದು

ಇದು ಎರಡು ಬಗೆಯದು, ಮತ್ತು ಆ ಎರಡರ ನಡುವಿನ ಅಂತರವೇ ಈ ಬರಹದ ತಿರುಳು. ಒಂದರಲ್ಲಿ ತಪ್ಪಿದ್ದರೆ ಫೋಕಸನ್ನು ಅಲ್ಲಿಯೇ ಕಟ್ಟಿಹಾಕಲಾಗುತ್ತದೆ. ಇನ್ನೊಂದರಲ್ಲಿ ಪಕ್ಕದಲ್ಲಿ ತಪ್ಪನ್ನು ತೋರಿಸಿ, ಮುಂದೆ ಹೋಗಲು ಬಿಡಲಾಗುತ್ತದೆ.

ಕಟ್ಟಿಹಾಕುವ ಬಗೆಯನ್ನು ಹಲವು ವರ್ಷಗಳ ಹಿಂದೆ ಒಂದು ಸಂಘದ ತಂತ್ರಾಂಶದಲ್ಲಿ ನಾನೇ ಬಳಸಿದ್ದೆ. ಒಂದು ದಿನ ಅಲ್ಲಿ ಅರ್ಜಿಗಳನ್ನು ತುಂಬುತ್ತಿದ್ದ ಮೇಡಂ ಅವರ ಪಕ್ಕದಲ್ಲಿ ಕುಳಿತಿದ್ದೆ. ಅರ್ಜಿಯೊಂದರಲ್ಲಿ ಪಿನ್ ಕೋಡಿನ ಕೊನೆಯ ಎರಡು ಅಂಕಿ ನೀರು ಬಿದ್ದು ಅಳಿಸಿತ್ತು. ಅವರು ನಾಲ್ಕು ಅಂಕಿ ಒತ್ತಿ ಟ್ಯಾಬ್ ಒತ್ತಿದರು; ಸಂದೇಶ ಬಂತು, ಕರ್ಸರ್ ಅಲ್ಲಿಯೇ ನಿಂತಿತು. ಅಷ್ಟರಲ್ಲಿ ಕಿಟಕಿಯ ಬಳಿ ಬಂದ ರೈತರೊಬ್ಬರು ತಮ್ಮ ಖಾತೆ ನೋಡಿ ಹೇಳಿ ಎಂದರು. ಮೇಡಂ ‘ರದ್ದು’ ಒತ್ತಿದರು, ಮತ್ತೆ ಅದೇ ಸಂದೇಶ. ಮುಚ್ಚುವ ಗುರುತು ಒತ್ತಿದರು, ಮತ್ತೆ ಅದೇ. ಆಗ ಅವರು ಒಂದು ಕ್ಷಣವೂ ಯೋಚಿಸದೆ 560001 ಒತ್ತಿ, ಟ್ಯಾಬ್ ಒತ್ತಿ, ಮುಂದೆ ಹೋದರು. ಅದು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್. ಅರ್ಜಿ ಸಲ್ಲಿಸಿದವರು ಇದ್ದದ್ದು ಅಲ್ಲಿಂದ ಬಹಳ ದೂರದ ಒಂದು ಹಳ್ಳಿಯಲ್ಲಿ. ಆ ಸಂಜೆ ದತ್ತಾಂಶವನ್ನು ತೆರೆದು ನೋಡಿದಾಗ ಅದೇ ಆರು ಅಂಕಿಗಳು ಪುಟದ ಮೇಲೆ ಪುಟ ಕಂಡವು. ತಪ್ಪು ಮಾಹಿತಿ ಬರಬಾರದೆಂದು ಬರೆದ ಕೋಡೇ ಅಷ್ಟನ್ನೂ ತರಿಸಿತ್ತು.

ತಾಂತ್ರಿಕ ಕಾರಣವೂ ಅರ್ಥವಾಗಬೇಕು. ವಿನ್‌ಫಾರ್ಮ್ಸ್‌ನಲ್ಲಿ ಖಾನೆ ಬಿಡುವಾಗ ಬರುವ ವ್ಯಾಲಿಡೇಟಿಂಗ್ ಇವೆಂಟನ್ನು ರದ್ದು ಮಾಡಿದರೆ, ಆಟೋವ್ಯಾಲಿಡೇಟ್ ಗುಣವನ್ನು ನಾವು ಬದಲಿಸದಿದ್ದರೆ, ಫೋಕಸ್ ಹೊರಗೆ ಹೋಗುವುದಿಲ್ಲ. ಕಾಸಸ್‌ವ್ಯಾಲಿಡೇಷನ್ ಗುಣವನ್ನು ಸುಳ್ಳಾಗಿಸದ ‘ರದ್ದು’ ಗುಂಡಿಯೂ ಈ ಬಲೆಯಲ್ಲಿ ಸಿಕ್ಕಿಬೀಳುತ್ತದೆ, ಮತ್ತು ಕಿಟಕಿ ಮುಚ್ಚುವಾಗ ಬರುವ ಫಾರ್ಮ್‌ಕ್ಲೋಸಿಂಗ್ ಇವೆಂಟು ಮೊದಲೇ ರದ್ದಾದ ಸ್ಥಿತಿಯಲ್ಲಿ ಬರುತ್ತದೆ. ಫೋಕಸ್ ಹೋಗುವ ಗಳಿಗೆಯಲ್ಲಿ ಮೆಸೇಜ್ ಬಾಕ್ಸ್ ತೋರಿಸುವುದು ಇನ್ನೊಂದು ಅಪಾಯ. ಫೋಕಸ್ ಕಳೆದುಕೊಂಡ ಸಂದೇಶವನ್ನು ನಿರ್ವಹಿಸುವಾಗ ಹೊಸ ಕಿಟಕಿ ತೆರೆಯಬೇಡಿ, ತಂತ್ರಾಂಶ ಸ್ತಬ್ಧವಾಗಬಹುದು ಎಂದು ವಿಂಡೋಸಿನ ದಾಖಲೆಗಳೇ ಎಚ್ಚರಿಸುತ್ತವೆ. ಎರಡು ಖಾನೆಗಳಿಗೆ ಸಂಬಂಧವಿರುವಲ್ಲಿ ಈ ಬಗೆ ಪೂರ್ತಿ ಸೋಲುತ್ತದೆ. ಸಾಲ ಮುಗಿಯುವ ದಿನ ಆರಂಭಕ್ಕಿಂತ ಹಿಂದಿದೆ ಎಂದು ಅಲ್ಲಿಯೇ ಕಟ್ಟಿಹಾಕಿದರೆ, ನಿಜವಾದ ತಪ್ಪಿರುವ ಆರಂಭದ ದಿನಾಂಕಕ್ಕೆ ಹೋಗಿ ತಿದ್ದಲು ದಾರಿಯೇ ಇಲ್ಲ.

ಬಿಟ್ಟುಕೊಟ್ಟು ತೋರಿಸುವ ಬಗೆ ಇದಕ್ಕೆ ಪೂರ್ತಿ ವಿರುದ್ಧ. ಆಟೋವ್ಯಾಲಿಡೇಟನ್ನು ಎನೇಬಲ್‌ಅಲೋಫೋಕಸ್‌ಚೇಂಜ್ ಎಂದು ಬದಲಿಸಿ, ಎರರ್‌ಪ್ರೊವೈಡರ್ ಮೂಲಕ ಖಾನೆಯ ಪಕ್ಕದಲ್ಲಿ ಗುರುತು ಹಾಕಿದರೆ ಕೈಯ ಓಟ ನಿಲ್ಲುವುದಿಲ್ಲ, ಹೊರದಾರಿಯೂ ತೆರೆದಿರುತ್ತದೆ. ಅದರ ಮಿನುಗುವಿಕೆಯನ್ನು ಮೊದಲು ನಿಲ್ಲಿಸಿ; ಕಣ್ಣಿಗೆ ಅದು ಹಿಂಸೆ. ಗುರುತಿನ ಮೇಲೆ ಮೌಸ್ ಇಟ್ಟರಷ್ಟೇ ಸಂದೇಶ ಕಾಣುವುದರಿಂದ, ಜಾಗವಿದ್ದರೆ ಖಾನೆಯ ಕೆಳಗೆ ಒಂದು ಸಾಲು ಪಠ್ಯವನ್ನೂ ಬರೆಯಿರಿ. ‘ಅಮಾನ್ಯ ಮೌಲ್ಯ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಪಿನ್ ಕೋಡಿನಲ್ಲಿ 6 ಅಂಕಿ ಇರಬೇಕು, ಈಗ 4 ಇವೆ’ ಎಂದರೆ ಮುಂದೇನು ಮಾಡಬೇಕೆಂಬುದು ತಿಳಿಯುತ್ತದೆ.

ಈ ದಾರಿಗೆ ಒಂದೇ ದೊಡ್ಡ ಮಿತಿ: ಬಳಕೆದಾರರು ಮುಟ್ಟದ ಖಾನೆಗೆ ವ್ಯಾಲಿಡೇಟಿಂಗ್ ಇವೆಂಟು ಬರುವುದೇ ಇಲ್ಲ. ಹೆಸರಿನ ಖಾನೆಗೆ ಹೋಗದೆಯೇ ‘ಸರಿ’ ಒತ್ತಿದರೆ ಖಾಲಿ ಹೆಸರು ದಾಟಿಹೋಗುತ್ತದೆ. ಆದ್ದರಿಂದ ಇದು ಒಂಟಿಯಾಗಿ ಸಾಲದು.

‘ಸರಿ’ ಒತ್ತಿದಾಗ ನೋಡುವುದು

ಇದನ್ನು ಬಿಟ್ಟರೆ ಯಾವ ಡೈಲಾಗೂ ಪೂರ್ಣವಲ್ಲ. ಎಲ್ಲ ಖಾನೆಗಳೂ ಕೈಯಲ್ಲಿರುವ ಗಳಿಗೆ ಇದೊಂದೇ, ಹಾಗಾಗಿ ಎರಡು ದಿನಾಂಕಗಳ ಸಂಬಂಧ, ಸಾಲದ ಮೊತ್ತಕ್ಕೂ ಷೇರಿನ ಮೊತ್ತಕ್ಕೂ ಇರುವ ಅನುಪಾತ ಇಂಥವನ್ನು ಇಲ್ಲಿಯೇ ನೋಡಬೇಕು. ಸಿ++ನಲ್ಲಿ ವಿಂಡೋಸ್ ತಂತ್ರಾಂಶ ಬರೆಯುವವರ ಹಳೆಯ ಟೂಲ್‌ಕಿಟ್ ಎಂಎಫ್‌ಸಿಯಲ್ಲಿ ತುಂಬಿದ್ದನ್ನು ತಪಾಸಿಸುವ ಡಿಡಿವಿ ವ್ಯವಸ್ಥೆ ಈ ದಾರಿಯದು. ಅಪ್‌ಡೇಟ್‌ಡೇಟಾ ಕರೆದಾಗ ಮೊದಲ ತಪ್ಪು ಸಿಕ್ಕ ಕೂಡಲೇ ಮೆಸೇಜ್ ಬಾಕ್ಸ್ ತೋರಿಸಿ, ಫೋಕಸನ್ನು ಆ ಖಾನೆಗೆ ಒಯ್ದು ನಿಲ್ಲುತ್ತದೆ. ನಾಲ್ಕು ತಪ್ಪಿದ್ದರೆ ನಾಲ್ಕು ಸಲ ‘ಸರಿ’ ಒತ್ತಿ ನಾಲ್ಕು ಸಲ ಬೈಸಿಕೊಳ್ಳಬೇಕು. ಅದರ ಬದಲು ಎಲ್ಲ ತಪ್ಪುಗಳನ್ನೂ ಒಂದೇ ಸಲ ಖಾನೆಗಳ ಪಕ್ಕದಲ್ಲಿ ತೋರಿಸಿ, ಮೊದಲ ತಪ್ಪಿನ ಖಾನೆಗೆ ಫೋಕಸ್ ಕೊಡಿ. ಫೋಕಸ್ ಹೋದ ಖಾನೆಯ ವಿವರಣೆಯಲ್ಲಿ ತಪ್ಪಿನ ಮಾತೂ ಸೇರಿದ್ದರೆ ಪರದೆ ಓದುಗವೂ ಅದನ್ನು ಓದಿ ಹೇಳುತ್ತದೆ.

ಇಲ್ಲಿ ತಪ್ಪನ್ನೂ ಅನುಮಾನವನ್ನೂ ಬೇರೆ ಮಾಡುವುದು ಬಹಳ ಮುಖ್ಯ. ಪಿನ್ ಕೋಡಿನಲ್ಲಿ ಐದೇ ಅಂಕಿ ಇದ್ದರೆ ಅದು ತಪ್ಪು. ಕರ್ನಾಟಕದ ಪಿನ್ ಕೋಡುಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ, ಆದರೂ 515ರಿಂದ ಶುರುವಾಗುವ ಪಿನ್ ಕೋಡ್ ಬಂದರೆ ಅದು ಅನುಮಾನ ಮಾತ್ರ; ಗಡಿಯಾಚೆಯ ಆಂಧ್ರದ ಊರಿನವರೂ ಇಲ್ಲಿ ವ್ಯವಹಾರ ಮಾಡುತ್ತಾರೆ. ಅನುಮಾನವಿದ್ದಲ್ಲಿ ಕೇಳಿ, ತಡೆಯಬೇಡಿ. ಮನೆತನದ ಹೆಸರನ್ನು ಕಡ್ಡಾಯ ಮಾಡುವುದು ಕೂಡ ಇದೇ ಜಾತಿಯ ತಪ್ಪು: ನಮ್ಮಲ್ಲಿ ಬಹಳ ಜನರಿಗೆ ಇರುವುದು ಹೆಸರಿನ ಹಿಂದೆ ಒಂದೋ ಎರಡೋ ಇನಿಷಿಯಲ್ ಮಾತ್ರ, ಮತ್ತು ಆ ಖಾನೆಗಳಲ್ಲಿ ಬರಿಯ ಚುಕ್ಕೆ ತುಂಬಿರುವ ದಾಖಲೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

‘ಸರಿ’ ಗುಂಡಿಯನ್ನು ಮಸುಕಾಗಿಸುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೋ ಎರಡೋ ಖಾನೆಯ ಡೈಲಾಗಿಗೆ, ಉದಾಹರಣೆಗೆ ಹೊಸ ಫೋಲ್ಡರಿಗೆ ಹೆಸರು ಕೇಳುವಲ್ಲಿ, ಅದು ಚೆನ್ನಾಗಿ ಒಪ್ಪುತ್ತದೆ. ಎಂಟು ಖಾನೆಗಳಿರುವಲ್ಲಿ ಗುಂಡಿ ಏಕೆ ಮಸುಕಾಗಿದೆ ಎಂಬುದನ್ನು ಯಾರೂ ಹೇಳುವುದಿಲ್ಲ, ಎಂಟರ್ ಒತ್ತಿದವರಿಗೆ ತಂತ್ರಾಂಶ ಕೆಟ್ಟಿದೆ ಎನಿಸುತ್ತದೆ.

ನಿಮ್ಮ ಕೈಯಲ್ಲಿರುವ ಟೂಲ್‌ಕಿಟ್ ಏನು ಕೊಡುತ್ತದೆ

ಪ್ರಗತಿಯಲ್ಲಿರುವ ಬರವಣಿಗೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ ಸಿ++ನ ಟೂಲ್‌ಕಿಟ್ ಆದ ಕ್ಯೂಟಿ ಮುಂದಿದೆ. ಅದರ ಕ್ಯೂವ್ಯಾಲಿಡೇಟರ್ ಸರಿ ಮತ್ತು ತಪ್ಪುಗಳ ನಡುವೆ ‘ಇನ್ನೂ ಮುಗಿದಿಲ್ಲ’ ಎಂಬ ಮೂರನೇ ಸ್ಥಿತಿಯನ್ನು ಇಟ್ಟುಕೊಂಡಿದೆ. ವಯಸ್ಸು 18ರಿಂದ 60 ಎಂದಿದ್ದಾಗ 1 ಒತ್ತಿದರೆ ಅದು ತಪ್ಪಲ್ಲ, ಅರ್ಧ. ಆದರೆ ಇದೇ ಉದಾರತೆಯಿಂದ ಕ್ಯೂಇಂಟ್‌ವ್ಯಾಲಿಡೇಟರ್ 99 ಅನ್ನೂ ಅರ್ಧವೆಂದೇ ಪರಿಗಣಿಸಿ ಬೆರಳಚ್ಚಿಸಲು ಬಿಡುತ್ತದೆ, ಏಕೆಂದರೆ ಮೊದಲ ಅಂಕಿಯನ್ನು ಇನ್ನೂ ತಿದ್ದಬಹುದು. ಹಾಗಾಗಿ ‘ಸರಿ’ ಒತ್ತಿದಾಗ, ತುಂಬಿದ್ದು ಪೂರ್ತಿ ಸರಿಯೇ ಎಂದು ತಿಳಿಸುವ ಹ್ಯಾಸ್‌ಅಕ್ಸೆಪ್ಟಬಲ್‌ಇನ್‌ಪುಟ್ ಕೇಳಲೇಬೇಕು.

ಮೈಕ್ರೋಸಾಫ್ಟಿನ ಇನ್ನೊಂದು ಟೂಲ್‌ಕಿಟ್ ಆದ ಡಬ್ಲ್ಯುಪಿಎಫ್‌ನಲ್ಲಿ ನಿಯಮಗಳನ್ನು ದತ್ತಾಂಶದ ಕ್ಲಾಸಿನಲ್ಲಿಯೇ ಬರೆಯಬಹುದು. ಡಾಟ್‌ನೆಟ್ 4.5ರೊಂದಿಗೆ 2012ರಲ್ಲಿ ಡಬ್ಲ್ಯುಪಿಎಫ್‌ಗೆ ಬಂದ ಐನೋಟಿಫೈಡೇಟಾಎರರ್‌ಇನ್ಫೊ ಒಂದೇ ಖಾನೆಗೆ ಹಲವು ತಪ್ಪುಗಳನ್ನೂ, ಸರ್ವರ್ ಕೇಳಿ ತಡವಾಗಿ ಬರುವ ಉತ್ತರವನ್ನೂ ನಿಭಾಯಿಸುತ್ತದೆ. ಕಲಿಯಲು ಸಮಯ ಬೇಕು. ಅದರ ಒಂದು ತೊಡಕನ್ನು ಮೊದಲೇ ತಿಳಿದಿರಿ: ಟೆಕ್ಸ್ಟ್ ಬಾಕ್ಸಿನಲ್ಲಿ ಬರೆದದ್ದು ಬೈಂಡಿಂಗ್ (ಖಾನೆಗೂ ದತ್ತಾಂಶಕ್ಕೂ ಇರುವ ಕೊಂಡಿ) ಮೂಲಕ, ನಾವು ಬದಲಿಸದಿದ್ದರೆ, ಫೋಕಸ್ ಹೋದಾಗ ಮಾತ್ರ ದತ್ತಾಂಶಕ್ಕೆ ತಲುಪುತ್ತದೆ, ಆದರೆ ಎಂಟರ್ ಒತ್ತಿ ‘ಸರಿ’ ಮಾಡಿದಾಗ ಫೋಕಸ್ ಹೋಗುವುದೇ ಇಲ್ಲ. ಕೊನೆಯ ಖಾನೆಯಲ್ಲಿ ತಿದ್ದಿದ್ದು ಉಳಿಯದೆ ಹೋಗುವುದು ಇದರಿಂದಲೇ.

ಜಾವಾ ಸ್ವಿಂಗಿನ ಇನ್‌ಪುಟ್‌ವೆರಿಫೈಯರ್ ಮೂಲತಃ ಕಟ್ಟಿಹಾಕುವ ಬಗೆಯದು. ‘ರದ್ದು’ ಗುಂಡಿಯ ಮೇಲೆ ಸೆಟ್‌ವೆರಿಫೈಇನ್‌ಪುಟ್‌ವೆನ್‌ಫೋಕಸ್‌ಟಾರ್ಗೆಟ್ ಅನ್ನು ಸುಳ್ಳಾಗಿಸುವುದನ್ನು ಮರೆಯಬೇಡಿ. ಪೈಥಾನಿನ ಟಿಕಿಂಟರ್‌ನಲ್ಲಿ ವ್ಯಾಲಿಡೇಟ್‌ಕಮಾಂಡ್ ಫಂಕ್ಷನ್ನು ಪ್ರತಿ ದಾರಿಯಲ್ಲೂ ನಿಜ ಅಥವಾ ಸುಳ್ಳನ್ನು ಹಿಂದಿರುಗಿಸಬೇಕು. ಒಂದು ಸಲ ಏನೂ ಹಿಂದಿರುಗಿಸದಿದ್ದರೂ ಪರಿಶೀಲನೆ ತಾನಾಗಿ ಬಂದ್ ಆಗುತ್ತದೆ, ಯಾವ ಸೂಚನೆಯೂ ಬರುವುದಿಲ್ಲ.

ಯಾರಿಗೆ ಯಾವುದು

ಒಬ್ಬರೇ, ಎರಡು ಮೂರು ದಿನಗಳಲ್ಲಿ, ಸಣ್ಣ ಅಂಗಡಿಗೆ ತಂತ್ರಾಂಶ ಮಾಡಿಕೊಡುತ್ತಿದ್ದರೆ ‘ಸರಿ’ ಒತ್ತಿದಾಗಿನ ಪರಿಶೀಲನೆಯೊಂದನ್ನೇ ಚೆನ್ನಾಗಿ ಬರೆಯಿರಿ. ಪಟ್ಟಿಯಿಂದ ಆರಿಸಬಹುದಾದಲ್ಲಿ ಕಾಂಬೋ ಬಾಕ್ಸ್ ಇಡಿ. ಅಷ್ಟರಿಂದ ಬಹುಪಾಲು ತಪ್ಪುಗಳು ನಿಲ್ಲುತ್ತವೆ.

ದಿನವಿಡೀ ಅರ್ಜಿ ತುಂಬುವ ಕಚೇರಿಯಾದರೆ ಖಾನೆ ಬಿಡುವಾಗ, ಕಟ್ಟಿಹಾಕದೆ ತೋರಿಸುವ ಬಗೆಯನ್ನೂ ಸೇರಿಸಿ; ವಿನ್‌ಫಾರ್ಮ್ಸ್ ಆದರೆ ‘ಸರಿ’ಯಲ್ಲಿ ವ್ಯಾಲಿಡೇಟ್‌ಚಿಲ್ಡ್ರನ್ ಕರೆದರೆ ಮುಟ್ಟದ ಖಾನೆಗಳೂ ತಪಾಸಣೆಗೆ ಬರುತ್ತವೆ, ಬರೆದ ಕೋಡು ಎರಡು ಸಲ ಬರೆಯಬೇಕಾಗುವುದಿಲ್ಲ. ಕಣ್ಣು ಕಾಗದದ ಮೇಲಿರುವವರಿಗೆ ತಪ್ಪಿದಾಗ ಒಂದು ಸಣ್ಣ ಸದ್ದು ಮಾಡಿಸಿದರೆ ಬಹಳ ಉಪಕಾರ. ಅರ್ಧ ತುಂಬಿದ ಅರ್ಜಿಯನ್ನು ‘ಬಾಕಿ’ ಎಂದು ಉಳಿಸಿಡುವ ಮೂರನೇ ಗುಂಡಿಗೆ ಒಂದು ದಿನದ ಕೆಲಸ ಖರ್ಚಾದರೂ ಕೊಡಿ. ನಾನು ಆ ಸಂಘದ ತಂತ್ರಾಂಶಕ್ಕೆ ಅದನ್ನು ಸೇರಿಸಿದ ಮೇಲೆ ಹೊಸ ದಾಖಲೆಗಳಲ್ಲಿ 560001 ಕಾಣುವುದು ನಿಂತಿತು.

ಹತ್ತಾರು ಡೈಲಾಗುಗಳಿರುವ, ಹಲವರು ಸೇರಿ ಕಟ್ಟುವ ಉತ್ಪನ್ನವಾದರೆ ನಿಯಮಗಳನ್ನು ಡೈಲಾಗಿನಿಂದ ಹೊರತೆಗೆದು ಒಂದೇ ಕಡೆ ಇಡಲು ಹಣ ಮತ್ತು ಸಮಯ ಹೂಡುವುದು ಯೋಗ್ಯ. ಅದೇ ನಿಯಮವನ್ನು ಎಕ್ಸೆಲ್ ಕಡತದಿಂದ ಆಮದು ಮಾಡುವ ಕೋಡೂ ಬಳಸಬೇಕು. ಡೈಲಾಗನ್ನು ಎಷ್ಟೇ ಬಿಗಿ ಮಾಡಿದರೂ ಆಮದಿನ ದಾರಿಯಲ್ಲಿ ಬರುವ ಮಾಹಿತಿ ಅದನ್ನು ನೋಡುವುದೇ ಇಲ್ಲ.

ಯಾವುದನ್ನು ಆರಿಸಿದರೂ ಒಪ್ಪಿಸುವ ಮೊದಲು ಐದು ನಿಮಿಷ ಇದನ್ನು ಮಾಡಿ ನೋಡಿ. ಪ್ರತಿ ಖಾನೆಯಲ್ಲಿ ತಪ್ಪು ಮಾಹಿತಿ ತುಂಬಿ ಎಸ್ಕೇಪ್ ಒತ್ತಿ. ಏನನ್ನೂ ಮುಟ್ಟದೆ ಎಂಟರ್ ಒತ್ತಿ. ಮೊಬೈಲ್ ಖಾನೆಗೆ +91 ಸಮೇತ ಸಂಖ್ಯೆಯನ್ನು ಅಂಟಿಸಿ. ಮೊತ್ತದ ಖಾನೆಯಲ್ಲಿ ೫೦೦೦ ಎಂದು ಬರೆಯಿರಿ. ಕೊನೆಗೆ ಮೌಸನ್ನು ಪಕ್ಕಕ್ಕಿಟ್ಟು, ಕಾಗದದ ಮೇಲಿನ ಒಂದು ನಿಜವಾದ ಅರ್ಜಿಯನ್ನು, ಅಳಿಸಿಹೋದ ಪಿನ್ ಕೋಡ್ ಸಮೇತ, ಕೀಲಿಮಣೆಯಿಂದಲೇ ತುಂಬಿ ಉಳಿಸಲು ಪ್ರಯತ್ನಿಸಿ.